ಕುಡತಿನಿಯ ಬೂದಿ, ಆಕಾಶದ ಕರಿಕಲ್ಲು

ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ ಕುಡತಿನಿ ಬಳಿ ಒಂದು ಬೂದಿದಿಬ್ಬವಿದೆ. ಮಸುಕು ಬಿಳಿ ಬೂದಿಯ ನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ, ಮೈಯೆಲ್ಲ ತೂತಾದ ಗಟ್ಟಿಗಳು ಸಿಗುತ್ತವೆ. ನೋಡಿದರೆ ಕುಲುಮೆಯ ಕಿಟ್ಟವೇ.

ಇದು ರಾಕ್ಷಸರ ಎಲುಬು ಸುಟ್ಟ ಬೂದಿ ಎಂದು ಜನ ನಂಬಿದ್ದರು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದೇ ದಿಬ್ಬ ವಾಲಿಯ ಚಿತೆ ಎನಿಸಿಕೊಂಡಿತು. ವಿದ್ವಾಂಸರಲ್ಲೂ ಒಮ್ಮತವಿರಲಿಲ್ಲ. ಅಗ್ನಿಪರ್ವತದ ಬೂದಿ ಎಂದವರುಂಟು, ಲೋಹ ಕರಗಿಸಿದ ಕಿಟ್ಟ ಎಂದವರುಂಟು. ರಾಬರ್ಟ್ ಸೀವೆಲ್ 1899ರಲ್ಲಿ ಹೆಣ ಸುಟ್ಟ ಜಾಗವೆಂದು ವಾದಿಸಿದರು. ಅವರಿಗೂ ಮೊದಲೇ ರಾಬರ್ಟ್ ಬ್ರೂಸ್ ಫೂಟ್, ಇದು ಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿ ಎಂದಿದ್ದರು. 1960ರಲ್ಲಿ ಎಫ್.ಇ. ಜೊಯ್ನರ್ ಬಳ್ಳಾರಿ ಜಿಲ್ಲೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ ಫೂಟರ ಮಾತನ್ನೇ ಎತ್ತಿಹಿಡಿದರು. ಹುಲ್ಲಿನೊಳಗಿನ ಸಿಲಿಕಾ ದನದ ಹೊಟ್ಟೆ ಹಾದು, ಸೆಗಣಿಯಲ್ಲಿ ಉಳಿದು, ಬೆಂಕಿಯ ಕಾವಿಗೆ ಕರಗಿ ಗಾಜಾಗಿತ್ತು.

ಕುಡತಿನಿಯಲ್ಲಿ ಕಲ್ಲಿನಂತೆ ಕಂಡದ್ದು ಹುಲ್ಲು ಮೇದ ಜೀವದ ಗುರುತಾಗಿತ್ತು. ಉಲ್ಕಾಶಿಲೆಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಜೀವದ ಗುರುತೆಂದು ತೋರಿದ್ದು ಭೂಮಿಯ ಕಲಬೆರಕೆ, ಇಲ್ಲವೇ ಕಲ್ಲಿನದೇ ಸ್ವಂತ ಸರಕು.

1864ರಲ್ಲಿ ಫ್ರಾನ್ಸಿನ ಒರ್ಗೇಯ್ಲ್ ಹಳ್ಳಿಯಲ್ಲಿ ಕರಿಕಲ್ಲುಗಳು ಬಿದ್ದವು. ಅವುಗಳಲ್ಲಿ ಪಳೆಯುಳಿಕೆಯಂಥ ಸೂಕ್ಷ್ಮ ರೂಪಗಳಿವೆ ಎಂದು 1961ರಲ್ಲಿ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದಾಗ ದೊಡ್ಡ ಜಗಳವೇ ಎದ್ದಿತು. ಹಲವು ರೂಪಗಳು ಭೂಮಿಯ ಪರಾಗ, ಧೂಳು ಎಂದು ತಿಳಿದುಬಂತು. ಒಂದು ತುಣುಕಿನೊಳಗಂತೂ ಯಾರೋ ಹಿಂದೆಯೇ ಗಿಡದ ಬೀಜವನ್ನೂ ಕಲ್ಲಿದ್ದಲನ್ನೂ ತುರುಕಿ ಅಂಟು ಹಚ್ಚಿದ್ದರು! ಭೂಮಿಯ ಕಲಬೆರಕೆಯನ್ನು ತಳ್ಳಿಹಾಕದೆ ಉಲ್ಕೆಯ ಬಗ್ಗೆ ಮಾತನಾಡುವಂತಿಲ್ಲ ಎಂಬ ಪಾಠ ಅಂದಿನಿಂದ ಬಂತು.

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಮೇಲೆ ಸುಮಾರು 100 ಕಿಲೋ ಕಲ್ಲು ಸುರಿಯಿತು. ಹೆಕ್ಕಿದವರ ಮೂಗಿಗೆ ಸ್ಪಿರಿಟ್ ವಾಸನೆ ಬಡಿದಿತ್ತು. ಮರುವರ್ಷವೇ ಕೀತ್ ಕ್ವೆನ್‌ವೋಲ್ಡನ್, ಶ್ರೀಲಂಕಾ ಮೂಲದ ಸಿರಿಲ್ ಪೊನ್ನಂಪೆರುಮ ಮತ್ತು ಸಂಗಡಿಗರು ಅದರಲ್ಲಿ ಅಮೈನೋ ಆಮ್ಲಗಳನ್ನು ಕಂಡರು. ಈ ಅಣುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಎರಡು ಕೈಗಳಂತೆ ಎಡ–ಬಲ ಎಂಬ ಎರಡು ರೂಪ. ಜೀವಿಗಳ ಪ್ರೋಟೀನು ಬಳಸುವುದು ಎಡವನ್ನೇ. ಮರ್ಚಿಸನ್ ಕಲ್ಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಜೀವವಿಲ್ಲದ ರಸಾಯನ ಕ್ರಿಯೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆದರೆ 1982ರಲ್ಲಿ ಅದೇ ಕಲ್ಲಿನಲ್ಲಿ ಎಡವೇ ಹೆಚ್ಚೆಂದು ಒಂದು ತಂಡ ಹೇಳಿತು. ಉಳಿದವರು ಅದು ಭೂಮಿಯ ಸೋಂಕು ಎಂದರು. 1997ರಲ್ಲಿ ಜಾನ್ ಕ್ರೋನಿನ್ ಮತ್ತು ಸಾಂಡ್ರಾ ಪಿಜ್ಜರೆಲ್ಲೊ ಜಾಣತನದ ದಾರಿ ಹಿಡಿದು, ಜೀವಿಗಳಲ್ಲಿ ಕಾಣುವುದೇ ಅಪರೂಪವಾದ ಅಮೈನೋ ಆಮ್ಲಗಳನ್ನು ಆರಿಸಿಕೊಂಡರು. ಅವುಗಳಲ್ಲೂ ಎಡದ ಪಾಲು ತುಸು ಹೆಚ್ಚಿತ್ತು. ಇದಕ್ಕೆ ನಕ್ಷತ್ರಲೋಕದ ವಿಶೇಷ ಬೆಳಕು ಕಾರಣವೆಂದು ಕೆಲವರು, ಕ್ಷುದ್ರಗ್ರಹದ ಒಡಲಲ್ಲಿ ಹಿಂದೆ ಹರಿದ ನೀರು ಕಾರಣವೆಂದು ಕೆಲವರು ವಾದಿಸುತ್ತಾರೆ.

2023ರಲ್ಲಿ ನಾಸಾ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಭೂಮಿಯ ಕಲಬೆರಕೆ ತಗಲದಂತೆ ಜೋಪಾನವಾಗಿ ತಂದಿತು. ಪ್ರೋಟೀನು ಕಟ್ಟುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವು ಎಂದು 2025ರ ಜನವರಿಯಲ್ಲಿ ವರದಿಯಾಯಿತು. ಅಲ್ಲಿ ಎಡ, ಬಲ ಸರಿಸುಮಾರು ಸಮವಾಗಿದ್ದವು. ಜೀವದ ಎಡಗೈ ಒಲವು ಆಕಾಶದಿಂದಲೇ ಬಂತೆಂದು ನಂಬಿದ್ದವರು ಈಗ ಮತ್ತೆ ಲೆಕ್ಕ ಹಾಕುತ್ತಿದ್ದಾರೆ.