ಮಕ್ಕಳ ಕಣ್ಣಿಗೆ ಬೇಕು ಬಯಲಿನ ಬೆಳಕು



ನಮ್ಮ ಧರ್ಮಕೇಂದ್ರದ ಎಂಟನೆಯ ಇಯತ್ತೆಯ ಹುಡುಗನೊಬ್ಬ ಒಂದು ಸಂಜೆ ಮಿರಜ ನಿಲ್ದಾಣದಲ್ಲಿ ತನ್ನ ಊರಿನ ಬಸ್ಸನ್ನು ಬಿಟ್ಟು ಜತ್ತದ ಬಸ್ಸು ಹತ್ತಿದ. ಕವಠೆ ಮಹಾಂಕಾಳದಲ್ಲಿ ಕಂಡಕ್ಟರ್ ಚೀಟಿ ನೋಡಿ ಇಳಿಸಿದಾಗ ಕತ್ತಲಾಗಿತ್ತು. ರಾತ್ರಿ ಹತ್ತಕ್ಕೆ ಮನೆ ಮುಟ್ಟಿದ ಮಗನಿಗೆ ತಂದೆ ಎರಡೇಟು ಕೊಟ್ಟರು. ಮರುದಿನ ನಮ್ಮಲ್ಲಿಗೆ ಕರೆತಂದು, "ಇವಗ ಯಾವುದರ ಮ್ಯಾಲೂ ಲಕ್ಷ್ಯ ಇಲ್ರಿ ಫಾದರ್, ನೀವರ ಬುದ್ಧಿ ಹೇಳ್ರಿ" ಎಂದರು.

ನಾವು ಬುದ್ಧಿ ಹೇಳಲು ಹೊರಟಾಗ ಹುಡುಗ ತಲೆತಗ್ಗಿಸಿ ಒಂದೇ ಮಾತು ಹೇಳಿದ: "ಬೋರ್ಡು ಕಾಣಲಿಲ್ರಿ." ಕಣ್ಣು ಪರೀಕ್ಷಿಸಿದಾಗ ಎರಡೂ ಕಣ್ಣಿಗೆ ಮೈನಸ್ ಮೂರು ನಂಬರು ಬಂತು. ಎಷ್ಟು ತಿಂಗಳಿಂದ ಆ ಮಗು ಕಪ್ಪುಹಲಗೆಯನ್ನು ಮಂಜಿನಲ್ಲಿ ನೋಡುವಂತೆ ನೋಡುತ್ತಿತ್ತೋ! ಪಕ್ಕದವನ ವಹಿ ನೋಡಿ ಬರೆದುಕೊಂಡು ಸುಮ್ಮನಿತ್ತು.

ಈ ಕಥೆಯಲ್ಲಿ ನಮ್ಮ ಪಾಲೂ ಇದೆ. ಮೂರು ವರ್ಷಗಳಿಂದ ನಾವು ಮಕ್ಕಳಿಗಾಗಿ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಸಭಾಭವನದಲ್ಲಿ ಅಭ್ಯಾಸವರ್ಗ ನಡೆಸುತ್ತಿದ್ದೆವು. ಶಾಲೆಯಿಂದ ಬಂದ ಮಗು ನೇರವಾಗಿ ಇಲ್ಲಿಗೆ, ಇಲ್ಲಿಂದ ಮನೆಗೆ, ಮನೆಯಲ್ಲಿ ಮೊಬೈಲಿಗೆ. ಆ ಹುಡುಗನ ಕಣ್ಣು ನಮ್ಮ ವರ್ಗದಿಂದಲೇ ಕೆಟ್ಟಿತೆಂದು ಹೇಳಲಾಗದು. ತಂದೆತಾಯಿಗಳಿಂದ ಬರುವ ಗುಣವೂ ಇದಕ್ಕೆ ಒಂದು ಕಾರಣ. ಆದರೆ ಮಕ್ಕಳ ದಿನದಲ್ಲಿ ಉಳಿದಿದ್ದ ಒಂದೇ ಬಯಲಿನ ಹೊತ್ತನ್ನು ನಾವು ಕಿತ್ತುಕೊಂಡಿದ್ದೆವು ಎಂಬುದು ನಿಜ.

ಕಣ್ಣಿನೊಳಗೆ ಏನಾಗುತ್ತದೆ?

ಹತ್ತಿರದ್ದು ಕಂಡು ದೂರದ್ದು ಮಸುಕಾಗುವುದಕ್ಕೆ ಸಮೀಪದೃಷ್ಟಿ ಎನ್ನುತ್ತಾರೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದ. ದೊಡ್ಡವರದು ಸುಮಾರು 24. ಬೆಳೆಯುವ ವಯಸ್ಸಿನಲ್ಲಿ ಗುಡ್ಡೆ ಅಳತೆ ಮೀರಿ ಉದ್ದವಾದರೆ, ದೂರದ ವಸ್ತುವಿನ ಬಿಂಬ ಹಿಂದಿನ ಪರದೆಯ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಬೀಳುತ್ತದೆ. ಒಂದೇ ಮಿಲಿಮೀಟರ್ ಹೆಚ್ಚಾದರೂ ಎರಡೂವರೆ ಮೂರು ನಂಬರಿನ ವ್ಯತ್ಯಾಸ. ಹೀಗೆ ಉದ್ದವಾದ ಕಣ್ಣು ಮರಳಿ ಗಿಡ್ಡವಾಗುವುದಿಲ್ಲ. ನಂಬರು ಆರು ದಾಟಿದರೆ ಮುಂದೆ ಪರದೆ ಕಳಚುವ ಹಾಗೂ ಕಣ್ಣಿನ ಒತ್ತಡದ ರೋಗಗಳ ಭಯ ಹೆಚ್ಚು.

ಇಲ್ಲಿ ಬೆಳಕಿನ ಕೆಲಸ ದೊಡ್ಡದು. ಪ್ರಖರ ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಡೋಪಮೈನ್ ಎಂಬ ರಸ ಹೆಚ್ಚುತ್ತದೆ. ಗುಡ್ಡೆ ಅತಿಯಾಗಿ ಉದ್ದವಾಗದಂತೆ ಅದು ತಡೆಯುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ದೀಪ ಹಚ್ಚಿದ ಕೋಣೆಯಲ್ಲಿ ಅದು ಸಾಮಾನ್ಯವಾಗಿ 500 ಮೀರುವುದಿಲ್ಲ. ಬಿಸಿಲಿರುವ ದಿನ ಹೊರಗೆ 10,000 ದಾಟುತ್ತದೆ. ಬೇವಿನ ಮರದ ನೆರಳಿನಲ್ಲಿ ಕೂಡ ಕೋಣೆಯೊಳಗಿನದಕ್ಕಿಂತ ಹಲವು ಪಟ್ಟು ಬೆಳಕಿರುತ್ತದೆ.

ದೇಶವಿದೇಶಗಳ ಅನುಭವ

2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಂಗಪುರ ಮತ್ತು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಚೀನೀ ಮೂಲದ 6–7 ವರ್ಷದ ಮಕ್ಕಳನ್ನು ಹೋಲಿಸಿದರು. ಸಿಂಗಪುರದಲ್ಲಿ ನೂರಕ್ಕೆ 29 ಮಕ್ಕಳಿಗೆ ಸಮೀಪದೃಷ್ಟಿ. ಸಿಡ್ನಿಯಲ್ಲಿ ಕೇವಲ ಮೂವರಿಗೆ. ಸಿಡ್ನಿಯ ಮಕ್ಕಳು ಓದಿದ್ದು ಕಡಿಮೆಯಲ್ಲ, ಪುಸ್ತಕಗಳನ್ನು ಹೆಚ್ಚೇ ಓದಿದ್ದರು. ಆದರೆ ವಾರಕ್ಕೆ ಸುಮಾರು 14 ಗಂಟೆ ಹೊರಗಿದ್ದರು. ಸಿಂಗಪುರದವರು ಮೂರೇ ಗಂಟೆ.

ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನ ಪಾಠ ಕೊಟ್ಟರು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ನೂರಕ್ಕೆ 30, ಉಳಿದವುಗಳಲ್ಲಿ ನೂರಕ್ಕೆ 39–40. ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿಯೂ 2002ರ ವರದಿಗಳ ಪ್ರಕಾರ ಆಂಧ್ರದ ಹಳ್ಳಿಗಾಡಿನಲ್ಲಿ ನೂರಕ್ಕೆ ನಾಲ್ವರು, ದೆಹಲಿ ನಗರದಲ್ಲಿ ಏಳು ಮಕ್ಕಳು ಈ ತೊಂದರೆಯವರು. 2015ರ ಇನ್ನೊಂದು ವರದಿಯಲ್ಲಿ ದೆಹಲಿಯ ಶಾಲಾಮಕ್ಕಳ ಸಂಖ್ಯೆ ನೂರಕ್ಕೆ 13. ದಿನಕ್ಕೆ ಎರಡು ಗಂಟೆ ಮೀರಿ ಹೊರಗೆ ಆಡುವ ಮಕ್ಕಳಲ್ಲಿ ತೊಂದರೆ ಕಡಿಮೆ ಎಂದು ಅದರಲ್ಲಿಯೂ ಕಂಡುಬಂತು.

ಹೊಲ ಶತ್ರುವಲ್ಲ

ಇದನ್ನೆಲ್ಲ ಪಾಲಕರ ಸಭೆಯಲ್ಲಿ ಹೇಳಿದಾಗ ತಾಯಿಯೊಬ್ಬರು ಎದ್ದು ನಿಂತರು. "ಹೊಲದಾಗ ದುಡಿಯೋದು ನಮ್ಮ ತಲೀಗೆ ಮುಗೀಲ್ರಿ ಫಾದರ್. ಹುಡುಗ್ರು ಪುಸ್ತಕ ಹಿಡ್ಕೊಂಡು ನೆರಳಾಗ ಕುಂಡ್ರಲಿ" ಎಂದರು. ಅವರ ಮಾತಿನ ಹಿಂದಿನ ನೋವು ನಮಗೆ ಗೊತ್ತು. ಕಬ್ಬು ಕಡಿದು, ಅರಿಶಿನ ಅಗೆದು ಮಕ್ಕಳನ್ನು ಓದಿಸುತ್ತಿರುವವರು ಅವರು. ಮಕ್ಕಳನ್ನು ದುಡಿಮೆಗೆ ಹಚ್ಚಿರೆಂದು ನಾವು ಹೇಳುತ್ತಿಲ್ಲ. ಓದು ಬೇಡವೆಂದೂ ಅಲ್ಲ. ಓದುವ ಕಣ್ಣು ಉಳಿಯಬೇಕಾದರೆ ಅದಕ್ಕೆ ಬಯಲು ಬೇಕು ಎನ್ನುತ್ತಿದ್ದೇವೆ. ಲಗೋರಿ ಆಡಲಿ, ಬಾಂದಿನ ಮೇಲೆ ಓಡಲಿ, ಹುಣಸೆ ಮರದ ಕೆಳಗೆ ಕುಳಿತು ಪಾಠವನ್ನೇ ಓದಲಿ. ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹುಡುಗಿಯರು ಕಪ್ಪಾಗುತ್ತಾರೆಂದು ಅವರನ್ನು ಒಳಗಿಡಬೇಡಿ. ಕಣ್ಣು ಅವರಿಗೂ ಬೇಕು.

ಪಾಲಕರು ಗಮನಿಸಬೇಕಾದದ್ದು

1. ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಮಗು ಹೊರಗಿರಲಿ. ಒಮ್ಮೆಲೇ ಆಗಬೇಕೆಂದಿಲ್ಲ, ಶಾಲೆಗೆ ನಡೆದು ಹೋಗುವುದೂ ಸೇರಿತು. ಬೇಸಿಗೆಯಲ್ಲಿ ನಡುಹಗಲು ಬಿಟ್ಟು ಬೆಳಿಗ್ಗೆ, ಸಂಜೆ ಕಳಿಸಿ. ಟೊಪ್ಪಿಗೆ ಇರಲಿ. ಸೂರ್ಯನನ್ನು ನೇರವಾಗಿ ಎಂದೂ ನೋಡಬಾರದು.

2. ಒಂದೊಂದೇ ಕಣ್ಣು ಮುಚ್ಚಿಸಿ ದೂರದ ಕ್ಯಾಲೆಂಡರ್ ಓದಿಸಿ. ಕಣ್ಣು ಕಿರಿದು ಮಾಡುವುದು, ಟಿ.ವಿ.ಗೆ ಅಂಟಿ ಕೂರುವುದು, ಅಂಕ ಇಳಿಯುವುದು ಇವೇ ಸುಳಿವುಗಳು. ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

3. ನಂಬರು ಬಂದ ಮೇಲೆ ಚಾಳೀಸು ಹಾಕಲೇಬೇಕು. ಹಾಕಿದರೆ ನಂಬರು ಏರುತ್ತದೆ ಎಂಬುದು ಸುಳ್ಳು. ಗಜ್ಜರಿ ತಿಂದರೆ ನಂಬರು ಇಳಿಯುವುದಿಲ್ಲ. ನುಗ್ಗೆಸೊಪ್ಪು, ಗಜ್ಜರಿ ಇರುಳುಗುರುಡು ತಡೆಯಲು ಬೇಕು, ಅದು ಬೇರೆ ಮಾತು. ಬಯಲಿನ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯಲು, ಮುಂದೂಡಲು ಸಹಾಯಕ, ಬಂದದ್ದನ್ನು ಅಳಿಸುವುದಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ ಬೇಕು.

4. ಕಬ್ಬಿನ ಎಲೆಯ ಅಂಚು ಕಣ್ಣಿಗೆ ಗೀರಿದರೆ ಬೂಷ್ಟು ಹಿಡಿದು ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಎಲೆಯ ರಸ, ಹಾಲು, ಎಣ್ಣೆ, ಅಂಗಡಿಯಿಂದ ಕೇಳಿ ತಂದ ಹನಿ ಯಾವುದನ್ನೂ ಹಾಕದೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವಾಗ ಮಕ್ಕಳು ಅತ್ತ ಸುಳಿಯಬಾರದು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಿರಿ.

5. ಎರಡು ವರ್ಷದೊಳಗಿನ ಕೂಸಿನ ಕೈಗೆ ಮೊಬೈಲು ಬೇಡ. ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ವೈದ್ಯರು ದೂರವೆಂದು ನಾವು ನೆಪ ಹೇಳುವಂತಿಲ್ಲ. ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ದೂರದ ಊರುಗಳ ರೋಗಿಗಳು ಮಿರಜಿಗೆ ಬಂದಿದ್ದಾರೆ. 1962ರಿಂದ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ರೈಲು ಹತ್ತಿ ಬಂದವರು ಕಣ್ಣು ಪಡೆದು ಹೋಗುವಾಗ ನಮ್ಮ ಮಕ್ಕಳು ಬಸ್ಸಿನ ಬೋರ್ಡು ಕಾಣದೆ ನಿಲ್ಲಬೇಕೆ?

ಅಭ್ಯಾಸವರ್ಗವನ್ನು ನಾವು ಈಗ ಸಂಜೆ ಏಳಕ್ಕೆ ಬದಲಾಯಿಸಿದ್ದೇವೆ. ನಾಲ್ಕೂವರೆಯಿಂದ ಸೂರ್ಯ ಮುಳುಗುವವರೆಗೆ ದೇವಾಲಯದ ಅಂಗಳ ಮಕ್ಕಳದು. ಕೆಲವು ಪಾಲಕರು ಇನ್ನೂ ಮುನಿಸಿಕೊಂಡಿದ್ದಾರೆ. ನಾಲ್ಕಾರು ಮಕ್ಕಳನ್ನು ಬೇರೆ ಟ್ಯೂಷನ್ನಿಗೆ ಕಳಿಸಿದ್ದಾರೆ. ಅವರ ಮನಸ್ಸೂ ತಿಳಿಯಾಗಲೆಂದು ಇದನ್ನು ಬರೆದೆವು. ಚಾಳೀಸು ಹಾಕಿಕೊಂಡ ಆ ಹುಡುಗ ಮೊನ್ನೆ ಅಂಗಳದ ತುದಿಯಿಂದಲೇ ಗಂಟೆಗೋಪುರದ ಮೇಲೆ ಕುಳಿತ ಗಿಳಿಗಳನ್ನು ಎಣಿಸಿ ಹೇಳಿದ. ಏಳು ಇದ್ದವು. ನಮಗೆ ನಮ್ಮ ಚಾಳೀಸಿನಲ್ಲಿ ಐದೇ ಕಂಡವು.