ಯಂತ್ರದ ನಡುಕಕ್ಕೆ ಮಾತೃಕೆಯ ಲೆಕ್ಕ

ಯಂತ್ರವೊಂದು ಅತಿಯಾಗಿ ನಡುಗತೊಡಗಿದರೆ ಬೇರಿಂಗ್‌ಗಳು ಬೇಗ ಸವೆಯುತ್ತವೆ, ಬೋಲ್ಟ್‌ಗಳು ಸಡಿಲಗೊಳ್ಳುತ್ತವೆ, ವೆಲ್ಡಿಂಗ್ ಬಿರುಕು ಬಿಡುತ್ತದೆ. ಗ್ರಾಹಕನು ಯಂತ್ರವನ್ನು ಹಿಂದಿರುಗಿಸಿದಲ್ಲಿ ಸಾಗಾಣಿಕೆ ಮತ್ತು ದುರಸ್ತಿಯ ವೆಚ್ಚದ ಜೊತೆಗೆ ಬರಬೇಕಾದ ಬಾಕಿಯೂ ನಿಲ್ಲುತ್ತದೆ. ಇಂತಹ ಸಂದರ್ಭದಲ್ಲಿ ಸಣ್ಣ ತಯಾರಕರು ಸಾಮಾನ್ಯವಾಗಿ ಅನುಸರಿಸುವ ಮಾರ್ಗವೆಂದರೆ ಇನ್ನಷ್ಟು ದಪ್ಪ ಪ್ಲೇಟ್ ಹಾಕುವುದು. ಆದರೆ ಉಕ್ಕು ಹೆಚ್ಚಿದ ಮಾತ್ರಕ್ಕೆ ನಡುಕ ತಗ್ಗುತ್ತದೆಂಬ ಖಾತ್ರಿಯಿಲ್ಲ, ಹೆಚ್ಚಾಗುವುದೂ ಉಂಟು.

ದಪ್ಪ ಹೆಚ್ಚಿದರೂ ನಷ್ಟವೇಕೆ?

ಪ್ರತಿಯೊಂದು ರಚನೆಗೂ ತನ್ನದೇ ಆದ ಸಹಜ ಆವೃತ್ತಿ ಇರುತ್ತದೆ. ಬಿಗಿತ ಹೆಚ್ಚಿದರೆ ಅದು ಏರುತ್ತದೆ, ತೂಕ ಹೆಚ್ಚಿದರೆ ಇಳಿಯುತ್ತದೆ. ಮೋಟಾರಿನ ಸುತ್ತುಗಳು ಈ ಆವೃತ್ತಿಗೆ ಸಮೀಪಿಸಿದಾಗ ಅಲ್ಪ ಅಸಮತೋಲವೂ ಭಾರೀ ಕಂಪನವಾಗುತ್ತದೆ. ಇದಕ್ಕೆ ಅನುರಣನ ಎಂದು ಹೆಸರು.

ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರ್ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದನ್ನು ಹೊತ್ತ 10 ಮಿ.ಮೀ. ಪ್ಲೇಟಿನ ಸಹಜ ಆವೃತ್ತಿ ಸೆಕೆಂಡಿಗೆ 18 ಎಂದಿಟ್ಟುಕೊಳ್ಳೋಣ. ಪ್ಲೇಟನ್ನು 12 ಮಿ.ಮೀ.ಗೆ ಏರಿಸಿದರೆ, ಬಾಗುವಿಕೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 1.728 ಪಟ್ಟಾಗುತ್ತದೆ. ಮೋಟಾರಿನ ಮುಂದೆ ಪ್ಲೇಟಿನ ತೂಕ ಅಲ್ಪವಾದುದರಿಂದ ಒಟ್ಟು ತೂಕ ಹೆಚ್ಚೇನೂ ಬದಲಾಗದು. ಆವೃತ್ತಿಯು ಬಿಗಿತದ ವರ್ಗಮೂಲದಂತೆ ಏರಿ ಸುಮಾರು 23.7 ತಲುಪುತ್ತದೆ. ಹಣ ತೆತ್ತು ಅನುರಣನವನ್ನು ಖರೀದಿಸಿದಂತಾಯಿತು! ಬದಲಾಗಿ ಅಡಿಯಲ್ಲಿ ಪಟ್ಟಿಗಳನ್ನು ಬೆಸೆದು ಬಿಗಿತವನ್ನು ನಾಲ್ಕು ಪಟ್ಟು ಮಾಡಿದರೆ ಆವೃತ್ತಿ 36ಕ್ಕೇರಿ ಅಪಾಯ ದೂರವಾಗುತ್ತದೆ.

ಕೋಷ್ಟಕದಲ್ಲಿ ಯಂತ್ರ

ನಿಜವಾದ ಯಂತ್ರದಲ್ಲಿ ಹಲವು ಭಾಗಗಳು ಒಂದನ್ನೊಂದು ಎಳೆಯುತ್ತಿರುತ್ತವೆ. ಆದುದರಿಂದ ರಚನೆಯನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡಿಸಿ, ಬಿಗಿತಗಳನ್ನು ಒಂದು ಕೋಷ್ಟಕದಲ್ಲಿಯೂ ದ್ರವ್ಯರಾಶಿಗಳನ್ನು ಇನ್ನೊಂದರಲ್ಲಿಯೂ ಅಡ್ಡಸಾಲು ಕಂಬಸಾಲುಗಳಾಗಿ ಬರೆಯಲಾಗುತ್ತದೆ. ಇದೇ ಮಾತೃಕೆ, ಅಂದರೆ ಮ್ಯಾಟ್ರಿಕ್ಸ್. ಇವೆರಡರಿಂದ ಸಹಜ ಆವೃತ್ತಿಗಳೂ ಯಾವ ಭಾಗ ಹೆಚ್ಚು ಅಲುಗುತ್ತದೆಂಬುದೂ ದೊರೆಯುತ್ತವೆ. ಎರಡು ಶಾಖೆಗಳ ಪರಸ್ಪರ ಖಾತೆಗಳು ತಾಳೆಯಾಗುವಂತೆ, ಬಿಗಿತದ ಕೋಷ್ಟಕದ ಕರ್ಣದ ಎರಡು ಪಾರ್ಶ್ವಗಳೂ ತಾಳೆಯಾಗುತ್ತವೆ. ಇದಕ್ಕೆ ಆಧಾರವಾದ ನಿಯಮವನ್ನು ಮ್ಯಾಕ್ಸ್‌ವೆಲ್ 1864ರಲ್ಲಿ ತಿಳಿಸಿದ್ದರು.

ಈ ವಿಧಾನವು ಬೆಳೆದುದು ವಿಮಾನೋದ್ಯಮದಲ್ಲಿ. ಇಂಗ್ಲೆಂಡಿನ ಡಂಕನ್ ಮತ್ತು ಕಾಲರ್ 1934ರಲ್ಲಿ ಆಂದೋಲನದ ಸಮಸ್ಯೆಗಳಿಗೆ ಮಾತೃಕೆಗಳನ್ನು ಅನ್ವಯಿಸಿದರು. 1938ರಲ್ಲಿ ಫ್ರೇಜರ್ ಅವರೊಡಗೂಡಿ ಗ್ರಂಥ ರಚಿಸಿದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಬೋಯಿಂಗ್ ಸಂಸ್ಥೆಯಲ್ಲಿ ನಡೆದ ಕಾರ್ಯವನ್ನಾಧರಿಸಿ ಬಿಗಿತ ವಿಧಾನದ ಪ್ರಬಂಧ ಪ್ರಕಟಿಸಿದರು. 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು ಕ್ಲಫ್ 1960ರಲ್ಲಿ ಬಳಕೆಗೆ ತಂದರು. ಇಂದು ಕ್ಯಾಲ್ಕ್ಯುಲಿಕ್ಸ್, ಕೋಡ್ ಆಸ್ಟರ್‌ನಂತಹ ತಂತ್ರಾಂಶಗಳು ಉಚಿತವಾಗಿ ಲಭ್ಯವಿರುವುದರಿಂದ ಸಣ್ಣ ಘಟಕಕ್ಕೂ ಇದು ಎಟುಕದ ವಿದ್ಯೆಯಲ್ಲ. ಬೇಕಾದುದು ಅದನ್ನರಿತ ಇಂಜಿನಿಯರ್.

ಗಮನಿಸಬೇಕಾದ ಅಂಶಗಳು

ಜಮಾಖರ್ಚಿನ ಮೂಲ ನಮೂದು ತಪ್ಪಿದರೆ ಆಢಾವೆಯೂ ತಪ್ಪುವಂತೆ, ಇಲ್ಲಿಯೂ ಉತ್ತರದ ಸತ್ಯಾಂಶವು ಕೊಟ್ಟ ಅಂಕಿಗಳನ್ನೇ ಅವಲಂಬಿಸಿದೆ. ಬೋಲ್ಟ್ ಹಾಗೂ ಬುನಾದಿಯ ಬಿಗಿತವನ್ನು ಹೇಗೆ ಊಹಿಸಲಾಗಿದೆ, ಎಲ್ಲಾ ಚಾಲನಾ ವೇಗಗಳನ್ನೂ ಪರಿಗಣಿಸಲಾಗಿದೆಯೇ ಎಂದು ವರದಿ ಸ್ವೀಕರಿಸುವ ಮುನ್ನ ಕೇಳಬೇಕು. ಮೊದಲ ಯಂತ್ರ ಸಿದ್ಧವಾದೊಡನೆ ಸುತ್ತಿಗೆಯಿಂದ ತಟ್ಟಿ, ಸಂವೇದಕದಿಂದ ಆವೃತ್ತಿಯನ್ನಳೆದು ಲೆಕ್ಕದೊಡನೆ ಹೋಲಿಸತಕ್ಕದ್ದು. ಉಕ್ಕನ್ನು ಕತ್ತರಿಸುವ ಮೊದಲು ಕಾಗದದ ಮೇಲಿನ ತಿದ್ದುಪಡಿಗೆ ತಗಲುವ ವೆಚ್ಚ ಅಲ್ಪ. ಯಂತ್ರವು ಗ್ರಾಹಕನ ಅಂಗಳ ಸೇರಿದ ಮೇಲೆ ಅದೇ ತಿದ್ದುಪಡಿ ಲಾಭವನ್ನೇ ನುಂಗಬಲ್ಲದು.