ಹಳೇ ಫೋರ್ ವೀಲ್ ಪಿಕಪ್: ಮುಂದಿನ ಗಾಲಿ ಜಗ್ಗುತ್ತವೆಯೇ ನೋಡಿ ಕೊಳ್ಳಿರಿ

ನಮ್ಮ ಹಾವೇರಿ ಕಡೆ ಚಕ್ಕಡಿ ಕಡಿಮೆಯಾಗಿ ಬಹಳ ದಿನವಾಯಿತು. ಹೊಲಕ್ಕೆ ಗೊಬ್ಬರ ಒಯ್ಯಲಿಕ್ಕೆ, ಗೋವಿನಜೋಳ ರಾಣೆಬೆನ್ನೂರಿಗೆ ಹಾಕಲಿಕ್ಕೆ, ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಮುಟ್ಟಿಸಲಿಕ್ಕೆ ಈಗ ಪಿಕಪ್ಪೇ ಬೇಕು. ಬಾಡಿಗೆ ಗಾಡಿಯವನು ಸುಗ್ಗಿಯಲ್ಲಿ ಕರೆದಾಗ ಬರುವುದಿಲ್ಲ. ಬಂದರೂ ಡಾಂಬರ್ ರಸ್ತೆಯ ಮೇಲೇ ನಿಲ್ಲುತ್ತಾನೆ, ಹೊಲದಿಂದ ಅಲ್ಲಿಯವರೆಗೆ ಚೀಲ ನಾವೇ ಹೊರಬೇಕು. ಸ್ವಂತ ಗಾಡಿ ಇದ್ದರೆ ಬ್ಯಾಡಗಿಯಲ್ಲಿ ಸೋಮವಾರ ದರ ಸರಿ ಬರದಿದ್ದರೆ ಗುರುವಾರಕ್ಕೆ ಹೋಗೋಣ ಅನ್ನುವ ಧೈರ್ಯ ಬರುತ್ತದೆ. ಆದರೆ ಹೊಸ ಗಾಡಿ ಕೊಳ್ಳುವ ಶಕ್ತಿ ಐದಾರು ಎಕರೆ ಮಳೆಯಾಶ್ರಿತ ಹೊಲದವರಿಗೆ ಎಲ್ಲಿಂದ ಬರಬೇಕು? ಹಳೇದೇ ಗತಿ.

ಹಳೇ ಗಾಡಿಗಳಲ್ಲಿ ನಾಲ್ಕೂ ಗಾಲಿ ಜಗ್ಗುವ ಡೀಸೆಲ್ ಪಿಕಪ್ಪುಗಳ ಮೇಲೆ ಎರೆಹೊಲದವರಿಗೆ ಆಸೆ ಹೆಚ್ಚು. ನಾವು ಅಣ್ಣತಮ್ಮಂದಿರು ಸೇರಿ ಮೂರು ವರ್ಷದ ಕೆಳಗೆ ಒಂದು ಬೊಲೆರೊ ಕ್ಯಾಂಪರ್ ಫೋರ್ ವೀಲ್ ಕೊಂಡೆವು. ಅದಕ್ಕೆ ಮುಂಚೆ ಏಳು ಗಾಡಿ ನೋಡಿದ್ದೆವು. ಆಮೇಲೆ ಊರವರು ಕರೆದಾಗ ಇನ್ನೂ ಕೆಲವನ್ನು ನೋಡಿಕೊಟ್ಟಿದ್ದೇನೆ. ನಾನೇನು ಮಿಸ್ತ್ರಿ ಅಲ್ಲ. ಏಳನೇ ಇಯತ್ತೆ ಕಲಿತವನು. ಕೆಳಗೆ ಮಲಗಿ ನೋಡಿ ಕಲಿತದ್ದನ್ನು ಬರೆಯುತ್ತೇನೆ.

ಮೊದಲು ನಿಮಗೆ ಫೋರ್ ವೀಲ್ ಬೇಕೇ ಅನ್ನುವುದನ್ನು ಲೆಕ್ಕ ಹಾಕಿರಿ. ಮೆಣಸಿನಕಾಯಿ ಬಿಡಿಸುವುದು ಡಿಸೆಂಬರಿನಿಂದ ಆಚೆ. ಆಗ ಎರೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಯಾವ ಗಾಡಿಯಾದರೂ ಹೋಗುತ್ತದೆ. ಮೆಣಸಿನಕಾಯಿ ಒಂದಕ್ಕೇ ಆದರೆ ಸಾದಾ ಪಿಕಪ್ ಸಾಕು, ಇನ್ನೂ ಒಳ್ಳೇದು ಕೂಡ. ಯಾಕೆಂದರೆ ಹಳೇ ಫೋರ್ ವೀಲ್ ಹುಡುಕಿದರೆ ನಮಗೆ ಹೆಚ್ಚಾಗಿ ಕಂಡದ್ದು ಎರಡು ಸಾಲು ಸೀಟಿನ ಕ್ಯಾಂಪರ್‌ಗಳೇ. ಅವುಗಳ ಹಿಂದಿನ ಡಬ್ಬಿ ಗಿಡ್ಡ. ಮೆಣಸಿನಕಾಯಿ ಚೀಲ ತೂಕ ಕಡಿಮೆ, ಗಾತ್ರ ಜಾಸ್ತಿ. ತೂಕ ತುಂಬುವುದಕ್ಕೆ ಮೊದಲೇ ಜಾಗ ತುಂಬಿಬಿಡುತ್ತದೆ.

ಫೋರ್ ವೀಲ್ ಬೇಕಾಗುವುದು ಜೂನ್-ಜುಲೈನಲ್ಲಿ ಗೊಬ್ಬರ ಒಯ್ಯುವಾಗ, ಇಲ್ಲವೆ ಅಕ್ಟೋಬರ್-ನವೆಂಬರಿನಲ್ಲಿ ಗೋವಿನಜೋಳ ಮುರಿಯುವ ಹೊತ್ತಿಗೆ ಮಳೆ ಹಿಡಿದಾಗ. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆ ಪ್ಲಾಟು, ಕಾಯಿಪಲ್ಲೆ ಇಟ್ಟವರು ಮಳೆ ಇರಲಿ ಬಿಡಲಿ ದಿನಾ ಹೊಲಕ್ಕೆ ಹೋಗಬೇಕು. ಹಾನಗಲ್ಲ ಕಡೆ ಮಳೆಯೇ ಹೆಚ್ಚು. ಅಂಥವರಿಗೆ ಉಪಯೋಗ ಉಂಟು. ವರ್ಷಕ್ಕೆ ಹತ್ತು ದಿನ ರಾಡಿಯಲ್ಲಿ ಹೋಗುವವರು ಸಾದಾ ಗಾಡಿ ಕೊಂಡು, ಹಿಂದಿನ ಎರಡು ಟೈರ್ ಒಳ್ಳೇವು ಹಾಕಿಸಿ, ಖಾಲಿ ಹೋಗುವಾಗ ಹಿಂದೆ ನಾಲ್ಕು ಚೀಲ ಉಸುಕು ಹಾಕಿಕೊಂಡರೆ ಸಾಕಾಗುತ್ತದೆ. ಪಿಕಪ್ ಖಾಲಿ ಇದ್ದಾಗ ಹಿಂದೆ ಭಾರ ಇರುವುದಿಲ್ಲ, ಜಗ್ಗುವುದು ಹಿಂದಿನ ಗಾಲಿ. ಅದಕ್ಕೇ ಖಾಲಿ ಗಾಡಿ ಬೇಗ ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ಎರೆ ಮಣ್ಣು ಪೂರಾ ನೆನೆದ ಮೇಲೆ ಫೋರ್ ವೀಲೂ ನಡೆಯುವುದಿಲ್ಲ. ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿಕೊಂಡು ನಾಲ್ಕೂ ಗಾಲಿ ರೊಟ್ಟಿ ಹಲಗೆಯ ಹಾಗೆ ನುಣ್ಣಗಾಗುತ್ತವೆ. ಅಲ್ಲಿಂದ ಟ್ರ್ಯಾಕ್ಟರೇ ಎಳೆಯಬೇಕು. ಹೊಲದ ದಾರಿಯಲ್ಲಿ ಮೇಲೆ ಹಸಿ, ಕೆಳಗೆ ಗಟ್ಟಿ ಇದ್ದರೆ ಮಾತ್ರ ಇದರ ಆಟ.

ಇದು ಕೆಲಸ ಮಾಡುವ ರೀತಿ ತಿಳಿದಿದ್ದರೆ ಪರೀಕ್ಷೆ ಮಾಡುವುದು ಸುಲಭ. ಇಂಜಿನ್ ಶಕ್ತಿ ಗೇರ್ ಬಾಕ್ಸಿಗೆ ಬಂದು, ಅಲ್ಲಿಂದ ಇನ್ನೊಂದು ಸಣ್ಣ ಡಬ್ಬಿಗೆ ಬರುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಅದರಿಂದ ಒಂದು ಶಾಫ್ಟ್ ಹಿಂದಕ್ಕೆ, ಒಂದು ಮುಂದಕ್ಕೆ. ದಿನನಿತ್ಯ ಓಡಿಸುವಾಗ ಹಿಂದಿನದಕ್ಕೆ ಮಾತ್ರ ಶಕ್ತಿ. ಸಣ್ಣ ಲಿವರ್ ಹಾಕಿದರೆ, ಕೆಲವು ಗಾಡಿಯಲ್ಲಿ ಸ್ವಿಚ್ ತಿರುಗಿಸಿದರೆ, ಮುಂದಿನದಕ್ಕೂ ಹೋಗುತ್ತದೆ. ಅದರಲ್ಲಿ ಹೈ, ಲೋ ಅಂತ ಎರಡು ಇರುತ್ತವೆ. ಲೋ ಹಾಕಿದರೆ ಗಾಡಿ ನಿಧಾನ, ಜಗ್ಗುವ ಬಲ ಸುಮಾರು ಎರಡೂವರೆ ಪಟ್ಟು.

ಹಿಂದಿನ ಎರಡು ಗಾಲಿಗಳ ನಡುವೆ, ಮುಂದಿನ ಎರಡರ ನಡುವೆ ಡಿಫರೆನ್ಷಿಯಲ್ ಗೇರು ಇರುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕಲ್ಲ, ಅದಕ್ಕೆ. ರಾಡಿಯಲ್ಲಿ ಇದೇ ತೊಡಕು. ಯಾವ ಗಾಲಿಗೆ ಹಿಡಿತ ಇಲ್ಲವೋ ಅದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಲ್ಲುತ್ತದೆ. ಎತ್ತಿನ ಜೋಡಿಯಾದರೆ ಒಂದು ಜಾರಿದರೂ ಇನ್ನೊಂದು ಜಗ್ಗುತ್ತಿತ್ತು. ಫೋರ್ ವೀಲ್‌ನಲ್ಲಿ ಹಿಂದಿನ ಜೋಡಿ ಸೋತಾಗ ಮುಂದಿನ ಜೋಡಿ ಜಗ್ಗುತ್ತದೆ, ಅಷ್ಟೇ ಲಾಭ. ಮುಂದೊಂದು ಹಿಂದೊಂದು ಗಾಲಿ ತೆಗ್ಗಿಗೆ ಬಿದ್ದರೆ ಫೋರ್ ವೀಲೂ ನಿಂತುಬಿಡುತ್ತದೆ.

ಈಗ ಪರೀಕ್ಷೆ. ಮೊದಲು ಗಾಡಿ ಕೆಳಗೆ ಮಲಗಿ ಮುಂದಿನ ಶಾಫ್ಟ್ ಇದೆಯೇ ನೋಡಿರಿ. ನಗಬೇಡಿ. ನಾವು ನೋಡಿದ ಏಳರಲ್ಲಿ ಎರಡಕ್ಕೆ ಶಾಫ್ಟೇ ಇರಲಿಲ್ಲ! ಡೀಸೆಲ್ ಉಳಿಯುತ್ತದೆ ಅಂತಲೋ, ಕ್ರಾಸ್ ಹೋಗಿ ಸಪ್ಪಳ ಬರುತ್ತಿತ್ತು ಅಂತಲೋ ಬಿಚ್ಚಿಟ್ಟಿರುತ್ತಾರೆ. ಹೊರಗೆ ಹೆಸರು ಫೋರ್ ವೀಲ್, ಲಿವರೂ ಇರುತ್ತದೆ. ಒಬ್ಬ ಮಾರುವವ, “ಶಾಫ್ಟ್ ಮನ್ಯಾಗ ಐತ್ರೀ ಯಜಮಾನ್ರ, ಬಂದಾಗ ಕೊಡ್ತೀನಿ” ಅಂದ. “ಹಂಗಾದ್ರ ಜೋಡಿಸಿ ಇಡಪಾ ತಮ್ಮಾ, ಆವಾಗ ಬರ್ತೀವಿ” ಅಂತ ಹೇಳಿ ಬಂದೆವು. ಅವನು ಮತ್ತೆ ಫೋನ್ ಮಾಡಲಿಲ್ಲ.

ಶಾಫ್ಟ್ ಇದ್ದರೆ ಕೈಯಿಂದ ಹಿಡಿದು ತಿರುವಿ, ಅಲ್ಲಾಡಿಸಿ ನೋಡಿ. ಕ್ರಾಸ್‌ನಲ್ಲಿ ಟಕಟಕ ಆಟ ಇದ್ದರೆ ಅದು ಸಣ್ಣ ಖರ್ಚು, ಚೌಕಾಶಿಗೆ ಬರುತ್ತದೆ. ಮುಂದಿನ ಹೌಸಿಂಗ್ ಸುತ್ತ, ಗಾಲಿ ಕಡೆಗಿನ ರಬ್ಬರ್ ಬೂಟಿನ ಹತ್ತಿರ ಎಣ್ಣೆ, ಗ್ರೀಸ್ ಸೋರಿ ಧೂಳು ಕೂತಿದೆಯೇ ನೋಡಿ. ಬೂಟ್ ಹರಿದು ಒಳಗೆ ಮಣ್ಣು ಹೋಗಿದ್ದರೆ ಆ ಜಾಯಿಂಟ್ ಉಳಿದಿರುವುದಿಲ್ಲ. ಮಿಸ್ತ್ರಿ ಕೈಯಿಂದ ಹೌಸಿಂಗ್ ಬೋಲ್ಟ್ ಬಿಚ್ಚಿಸಿ ಎಣ್ಣೆ ಬೆರಳಿಗೆ ಹಚ್ಚಿಕೊಳ್ಳಿರಿ. ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ. ಮಿನುಗುವ ಕಬ್ಬಿಣದ ಚೂರು ಬಂದರೆ ಕ್ರೌನ್ ಪಿನಿಯನ್ ತಿನ್ನುತ್ತಿದೆ. ಆ ಗಾಡಿ ಬಿಟ್ಟುಬಿಡಿ.

ಆಮೇಲೆ ಓಡಿಸಿ ನೋಡುವುದು. ಮೆತ್ತನೆಯ ಮಣ್ಣಿನ ಜಾಗಕ್ಕೆ ಒಯ್ದು ಫೋರ್ ವೀಲ್ ಹಾಕಿ, ಸ್ಟೇರಿಂಗ್ ಪೂರಾ ತಿರುವಿ ನಿಧಾನ ಸುತ್ತು ಹೊಡೆಯಿರಿ. ಗಾಡಿ ಬಿಗಿ ಹಿಡಿದು ತಡೆದ ಹಾಗಾದರೆ ಮುಂದಿನ ಗಾಲಿಗೆ ಶಕ್ತಿ ಹೋಗುತ್ತಿದೆ ಅಂತ ಅರ್ಥ. ಏನೂ ಬದಲಾವಣೆ ಗೊತ್ತಾಗದಿದ್ದರೆ ಸಂಶಯ ಪಡಿ. ಕೆಲವು ಹಳೇ ಜೀಪುಗಳಲ್ಲಿ ಮುಂದಿನ ಗಾಲಿಯ ನಡುವೆ ಕೈಯಿಂದ ತಿರುವುವ ಲಾಕ್ ಇರುತ್ತದೆ, ಅದನ್ನು ಹಾಕದೆ ಲಿವರ್ ಹಾಕಿದರೆ ಮುಂದಿನ ಗಾಲಿ ಜಗ್ಗುವುದಿಲ್ಲ. ಖಾತ್ರಿ ಬೇಕಾದರೆ ಹಿಂದಿನ ಒಂದು ಗಾಲಿ ಹಸಿ ಕಾಲುವೆಯಲ್ಲಿ ಇಳಿಸಿ. ಟೂ ವೀಲ್‌ನಲ್ಲಿ ಆ ಗಾಲಿ ಬರೀ ತಿರುಗಬೇಕು, ಫೋರ್ ವೀಲ್ ಹಾಕಿದ ಕೂಡಲೇ ಗಾಡಿ ಮೇಲೆ ಬರಬೇಕು. ಜ್ಯಾಕ್ ಮೇಲೆ ಎತ್ತಿ ಗೇರ್ ಹಾಕಿ ನೋಡುವವರಿದ್ದಾರೆ. ಅದು ಬ್ಯಾಡ, ಗಾಡಿ ಜ್ಯಾಕಿನಿಂದ ಹಾರಿ ಜನರ ಮೇಲೆ ಬಂದೀತು.

ಒಣ ಡಾಂಬರ್ ಮೇಲೆ ಈ ಪರೀಕ್ಷೆ ಮಾಡಬೇಡಿರಿ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಫೋರ್ ವೀಲ್ ಹಾಕಿದಾಗ ಮುಂದೆ ಹಿಂದೆ ಒಂದೇ ವೇಗಕ್ಕೆ ಕಟ್ಟಿದ ಹಾಗಿರುತ್ತದೆ. ಮಣ್ಣಿನಲ್ಲಿ ಟೈರ್ ಜಾರಿ ಹೊಂದಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಆ ಒತ್ತಡ ಗೇರಿನ ಮೇಲೆ ಬೀಳುತ್ತದೆ. ಲಿವರ್ ಸಿಕ್ಕಿಕೊಂಡು ಹೊರಗೆ ಬರದಿದ್ದರೆ ಸ್ವಲ್ಪ ರಿವರ್ಸ್ ತೆಗೆದುಕೊಳ್ಳಿ, ಬಿಡುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರ್ ಒಂದೇ ಅಳತೆ ಇರಬೇಕು. ಮುಂದೆ ಸವೆದದ್ದು, ಹಿಂದೆ ರಿಸೋಲ್ ಹಾಕಿ ಮಾರುವ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗಲೆಲ್ಲ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು.

ಇಂಜಿನ್ ನೋಡುವುದು ಬಹಳ ಜನರಿಗೆ ಗೊತ್ತು. ಬೆಳಿಗ್ಗೆ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿರಬಾರದು. ಬಾನೆಟ್ ಮುಟ್ಟಿ ನೋಡಿದರೆ ತಿಳಿಯುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಉಗುಳಿದರೆ ಬ್ಯಾಕ್ ಕಂಪ್ರೆಷನ್, ಇಂಜಿನ್ ಬಿಚ್ಚುವ ಕಾಲ ಹತ್ತಿರ. ಮೀಟರ್ ಓದಬೇಡಿ, ಅದನ್ನು ಹಿಂದಕ್ಕೆ ತಿರುಗಿಸುತ್ತಾರೆ. ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ.

ನಂಬರ್ ಪ್ಲೇಟ್ ಕೂಡ ಒಂದು ಕಥೆ ಹೇಳುತ್ತದೆ. ಕೆಎ 27 ಹಾವೇರಿ, ಕೆಎ 68 ರಾಣೆಬೆನ್ನೂರು ಆದರೆ ಹಿಂದಿನ ಮಾಲೀಕನನ್ನು ವಿಚಾರಿಸುವುದು ಸುಲಭ. ಕೆಎ 34, ಕೆಎ 35 ಅಂದರೆ ಬಳ್ಳಾರಿ, ಹೊಸಪೇಟೆ. ಗಣಿ ಕೆಲಸ ಮಾಡಿದ ಗಾಡಿಯಾದರೆ ಸೀಟಿನ ಕೆಳಗೆ, ಬಾಗಿಲ ಸಂದಿಯಲ್ಲಿ ಕೆಂಪು ಧೂಳು ಉಳಿದಿರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಕೆಎ 19, 20, 30 ಕರಾವಳಿಯವು. ಮೀನು ಹೇರಿದ ಗಾಡಿಯಾದರೆ ಉಪ್ಪುನೀರು ಸೋರಿ ಚೆಸ್ಸಿ ತುಕ್ಕು ತಿಂದಿರುತ್ತದೆ. ಮೇಲೆ ಹೊಸ ಕಪ್ಪು ಬಣ್ಣ ಹೊಡೆದಿದ್ದರೆ ಸಣ್ಣ ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳಿರಿ. ಪಾಟಾ ಕೂಡುವ ಜಾಗದಲ್ಲಿ ವೆಲ್ಡಿಂಗ್ ಗುರುತು ಇದ್ದರೆ ಮಿತಿ ಮೀರಿ ಹೇರು ಹೇರಿದ ಗಾಡಿ.

ಕಾಗದ ಪತ್ರದ ವಿಷಯಕ್ಕೆ ಬರುತ್ತೇನೆ. ಚೆಸ್ಸಿ ಮೇಲಿನ ನಂಬರ್, ಇಂಜಿನ್ ನಂಬರ್ ಆರ್.ಸಿ. ಜೊತೆ ತಾಳೆ ನೋಡಿ. ಪಿಕಪ್ ಅಂದರೆ ಬಹುಪಾಲು ಫೈನಾನ್ಸಿನ ಮೇಲಿನ ಗಾಡಿ. ಆರ್.ಸಿ.ಯಲ್ಲಿ ಫೈನಾನ್ಸ್ ಹೆಸರಿದ್ದರೆ ಉಳಿದ ಸಾಲವನ್ನು ಮಾರುವವನ ಕೈಗೆ ಕೊಡದೆ ಸಾಲದ ಖಾತೆಗೇ ಕಟ್ಟಿ, ಎನ್.ಓ.ಸಿ. ಮತ್ತು ಫಾರಂ 35 ತೆಗೆದುಕೊಳ್ಳಿ. ಎಫ್.ಸಿ., ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಅಂತ ಎಂ-ಪರಿವಾಹನ್ ಆಪ್‌ನಲ್ಲಿ ಮಕ್ಕಳ ಕೈಲಿ ನೋಡಿಸಿ. ಮಾಲು ಸಾಗಿಸುವ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗೆ 2022ರ ಏಪ್ರಿಲ್‌ನಿಂದ ಆ ಶುಲ್ಕ ಬಹಳ ಏರಿದೆ. ಅಗ್ಗ ಅಂತ ಮುದಿ ಗಾಡಿ ಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಹೇರು ಸಮೇತ ಒಟ್ಟು ತೂಕ 3000 ಕಿಲೊ ಮೀರದ ಗಾಡಿಗೆ ಪರ್ಮಿಟ್ ಬೇಕಿಲ್ಲ, ಆ ತೂಕ ಆರ್.ಸಿ.ಯಲ್ಲೇ ಬರೆದಿರುತ್ತದೆ. ಕಾರಿನ ಲೈಸೆನ್ಸ್ ಇದ್ದವರು ಪಿಕಪ್ ಹೊಡೆಯಬಹುದು. 7500 ಕಿಲೊ ಒಳಗಿನ ಗಾಡಿಗೆ ಬೇರೆ ಲೈಸೆನ್ಸ್ ಬೇಡ ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಮತ್ತೊಮ್ಮೆ ಹೇಳಿದೆ.

ಹೆಸರು ಬದಲಾವಣೆ ಮಾತ್ರ ಮುಂದೂಡಬೇಡಿ. ನಮ್ಮ ಕಡೆ ಸ್ಟಾಂಪ್ ಕಾಗದದ ಮೇಲೆ ಬರೆಸಿಕೊಂಡು ನಾಲ್ಕು ವರ್ಷ ಓಡಿಸುವ ರೂಢಿ ಇದೆ. ಫಾರಂ 29 ಮತ್ತು 30ಕ್ಕೆ ಸಹಿ ಮಾಡಿ, ರಾಜ್ಯದೊಳಗಿನ ಗಾಡಿಯಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ಅಪಘಾತವಾದರೆ ಕಾನೂನು ನೋಡುವುದು ಆರ್.ಸಿ.ಯಲ್ಲಿ ಯಾರ ಹೆಸರಿದೆ ಅಂತ. ಕೈ ಬದಲಾಗಿ ಬದಲಾಗಿ ಮಾರಿದ ಗಾಡಿಗೂ ದಾಖಲೆಯಲ್ಲಿ ಹೆಸರಿದ್ದವನೇ ಹೊಣೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಇದು ನೀವು ಹಳೇ ಗಾಡಿ ಮಾರುವಾಗಲೂ ನೆನಪಿರಲಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ.

ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹೆಣ್ಣಾಳುಗಳನ್ನು ಹಿಂದೆ ಡಬ್ಬಿಯಲ್ಲಿ ತುಂಬಿಕೊಂಡು ಊರಿಂದ ಊರಿಗೆ ಹೋಗುವ ಗಾಡಿಗಳನ್ನು ದಿನಾ ನೋಡುತ್ತೇವೆ. ಮಾಲಿನ ಗಾಡಿಯಲ್ಲಿ ಮಾಲಿನ ಮಾಲೀಕನಿಗೆ ಅಥವಾ ಅವನ ಪರವಾಗಿ ಮಾಲಿನ ಜೊತೆ ಹೋಗುವವನಿಗೆ ಮಾತ್ರ ವಿಮೆ ಅನ್ವಯ, ಅದೂ 1994ರ ತಿದ್ದುಪಡಿ ಆದ ಮೇಲೆ. ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ 2002ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಗಾಡಿ ಪಲ್ಟಿಯಾಗಿ ಜೀವ ಹೋದರೆ ಪರಿಹಾರ ಹೊಲ ಮಾರಿ ಕೊಡಬೇಕಾದೀತು. ಹೋದ ಜೀವ ಅದರಿಂದಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಡಬ್ಬಿಯಲ್ಲಿ ಆಳು ಕೂರಿಸುವುದಿಲ್ಲ ಅಂತ ಮೊದಲ ದಿನವೇ ಮಾತಾಗಿದೆ. ಆಳುಗಳಿಗೆ ಆಟೋ ಖರ್ಚು ಕೊಡುತ್ತೇವೆ. ಚೀಲ ಹೇರುವ, ಇಳಿಸುವ ಆಳು ಕಾಯಂ ಇದ್ದರೆ ಅವರಿಗೆ ಬೇರೆ ಪ್ರೀಮಿಯಂ ಕಟ್ಟಲು ಬರುತ್ತದೆ, ವಿಮೆ ಮಾಡಿಸುವಾಗ ಬಾಯಿಬಿಟ್ಟು ಕೇಳಿರಿ.

ನಮ್ಮ ಗಾಡಿ ಖಾಲಿ ಇದ್ದಾಗ ಲೀಟರಿಗೆ 11-12 ಕಿಲೋಮೀಟರ್ ಕೊಡುತ್ತದೆ. ಸಾದಾ ಪಿಕಪ್ಪಿಗಿಂತ ಕಡಿಮೆ. ಅದನ್ನು ಒಪ್ಪಿಯೇ ಕೊಂಡದ್ದು. ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಕೂಡ, ಹೊಲದ ದಾರಿಯಲ್ಲಿ ಫೋರ್ ವೀಲ್ ಹಾಕಿ ಅರ್ಧ ಕಿಲೋಮೀಟರ್ ಓಡಿಸುತ್ತೇವೆ. ಇಲ್ಲದಿದ್ದರೆ ಒಳಗಿನ ಭಾಗಗಳಿಗೆ ಎಣ್ಣೆ ತಾಗದೆ ಲಿವರ್ ಹಿಡಿದುಬಿಡುತ್ತದೆ, ಮಳೆಗಾಲದಲ್ಲಿ ಬೇಕಾದಾಗ ಬೀಳುವುದೇ ಇಲ್ಲ. ಹಳ್ಳದ ನೀರು ಗಾಲಿಯ ನಡು ಮುಟ್ಟುವಷ್ಟು ಇದ್ದಾಗ ದಾಟಿದರೆ ಆ ವಾರವೇ ಎರಡೂ ಹೌಸಿಂಗಿನ ಎಣ್ಣೆ ಬಿಚ್ಚಿ ನೋಡಬೇಕು. ಬಿಸಿಯಾದ ಹೌಸಿಂಗ್ ನೀರಿನಲ್ಲಿ ಮುಳುಗಿದಾಗ ಗಾಳಿ ಕೊಳವೆ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಆ ಕೊಳವೆಯ ಬಾಯಿ ಹೌಸಿಂಗಿನ ಮೇಲ್ಭಾಗದಲ್ಲಿ ಇರುತ್ತದೆ, ಎರೆ ಮಣ್ಣು ಕೂತು ಮುಚ್ಚಿರುತ್ತದೆ. ಒಂದು ತಂತಿಯಿಂದ ಚುಚ್ಚಿ ತೆಗೆದರೆ ಆಯಿತು.